ಕೇಬಲ್ ಮೇಲಿನ ಅಕ್ಷರ ಅಳಿಯದ ಹಾಗೆ: ಲೇಸರ್ ಮಾರ್ಕಿಂಗ್‌ಗೆ ಒಗ್ಗುವ ಹೊದಿಕೆಯ (ಶೀದಿಂಗ್) ಪ್ಲಾಸ್ಟಿಕ್, ಸಮಗ್ರ ಮಾರ್ಗದರ್ಶಿ

ಹೋದ ಬೇಸಿಗೆಯಲ್ಲಿ ಮಧುಗಿರಿ ಕಡೆಯ ರೈತರೊಬ್ಬರು ವಸಂತನರಸಾಪುರದ ನಮ್ಮ ಫ್ಯಾಕ್ಟರಿ ಗೇಟಿನ ಹತ್ತಿರ ಬಂದರು. ಹೆಗಲ ಮೇಲೆ ಒಂದು ಸುತ್ತು ಚಪ್ಪಟೆ ಕೇಬಲ್. ಬೋರ್‌ವೆಲ್‌ನಿಂದ ಮೋಟರ್ ಎತ್ತಿದಾಗ ಜೊತೆಗೇ ಬಂದ ಮೂರು ಕೋರ್ ಸಬ್‌ಮರ್ಸಿಬಲ್ ಕೇಬಲ್ ಅದು. ಮೈತುಂಬ ಕೆಮ್ಮಣ್ಣು. "ಇದು ನಾಲ್ಕೋ ಆರೋ ನೋಡಿ ಹೇಳಿ ಸಾರ್, ತುಂಡು ಸೇರಿಸಬೇಕು" ಎಂದರು. ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಮಣ್ಣಿನ ಜೊತೆ ಉಳಿದಿದ್ದ ಇಂಕೂ ಹೋಯಿತು. ಕೊನೆಗೆ ತುದಿ ಸುಲಿದು, ಎಳೆ ಬಿಡಿಸಿ ಎಣಿಸಿದೆ. 0.30 ಮಿ.ಮೀ. ದಪ್ಪದ ಎಳೆಗಳು, ಒಂದು ಕೋರ್‌ನಲ್ಲಿ 56. ಅಂದರೆ 4 ಚದರ ಮಿ.ಮೀ. ಆರಾಗಿದ್ದರೆ 84 ಇರುತ್ತಿತ್ತು.

ಇದು ಸಣ್ಣ ವಿಷಯ ಅಲ್ಲ. ಬೋರ್ 1000 ಅಡಿ ಎಂದರೆ ಸುಮಾರು 300 ಮೀಟರ್ ಕೇಬಲ್. 4 ಚದರ ಮಿ.ಮೀ. ತಾಮ್ರದಲ್ಲಿ ಅಷ್ಟು ಉದ್ದಕ್ಕೆ ಒಂದು ಕೋರ್‌ನ ರೆಸಿಸ್ಟೆನ್ಸ್ ಸುಮಾರು 1.5 ಓಮ್. 6ರಲ್ಲಿ ಸುಮಾರು 1 ಓಮ್. ಆರು ಬೇಕಾದ ಕಡೆ ನಾಲ್ಕು ಸೇರಿಸಿದರೆ ಕೆಳಗೆ ಮೋಟರ್‌ಗೆ ವೋಲ್ಟೇಜ್ ಸಾಲದು, ವೈಂಡಿಂಗ್ ಬಿಸಿಯಾಗಿ ಸುಡುತ್ತದೆ. ಕೇಬಲ್ ಮೇಲೆ ನಾಲ್ಕು ಅಕ್ಷರ ನಿಂತಿದ್ದರೆ ಈ ಎಣಿಕೆಯೇ ಬೇಕಿರಲಿಲ್ಲ.

ಅಳಿಯದ ಅಕ್ಷರ ಬೇಕು ಎಂದರೆ ಈಗ ಎಲ್ಲರೂ ಲೇಸರ್ ಎನ್ನುತ್ತಾರೆ. ಸರಿಯಾದ ಮಾತೇ. ಆದರೆ ಲೇಸರ್ ಮಾರ್ಕಿಂಗ್ ಮೆಷಿನ್‌ನಲ್ಲಿ ಶುರುವಾಗುವುದಿಲ್ಲ, ಪ್ಲಾಸ್ಟಿಕ್ ಕರಗಿಸಿ ಕೇಬಲ್‌ಗೆ ಹೊದಿಸುವ ಎಕ್ಸ್‌ಟ್ರೂಡರ್‌ನ ಹಾಪರ್‌ನಲ್ಲಿ (ಕಾಳು ತುಂಬುವ ಪಾತ್ರೆ) ಶುರುವಾಗುತ್ತದೆ. ಪ್ಲಾಸ್ಟಿಕ್ ಒಪ್ಪದಿದ್ದರೆ ಎಷ್ಟು ದುಬಾರಿ ಮೆಷಿನ್ ತಂದರೂ ಅಕ್ಷರ ಮೂಡದು. ಇದನ್ನು ನಾನು ದುಡ್ಡು ಕಳೆದು ಕಲಿತೆ. ನೀವು ಹಾಗೆ ಕಲಿಯುವುದು ಬೇಡ ಎಂದೇ ಇದನ್ನು ಹಂತ ಹಂತವಾಗಿ ಬರೆಯುತ್ತಿದ್ದೇನೆ.

ಹಂತ 1: ಕೇಬಲ್ ಎಲ್ಲಿ ಬಾಳಬೇಕು ಎಂದು ಮೊದಲು ಬರೆದುಕೊಳ್ಳಿ

ನಮ್ಮ ತುಮಕೂರು ಜಿಲ್ಲೆಯೊಳಗೇ ಮೂರು ಬೇರೆ ಬೇರೆ ಲೋಕಗಳಿವೆ. ಒಂದು, ಈಗ ಹೇಳಿದ ಬೋರ್‌ವೆಲ್. ಅಲ್ಲಿ ಕೇಬಲ್ ವರ್ಷಗಟ್ಟಲೆ ನೀರಿನಲ್ಲಿ ಇರುತ್ತದೆ, ಇಳಿಸುವಾಗ ಎತ್ತುವಾಗ ಕೇಸಿಂಗ್ ಪೈಪಿಗೆ ಉಜ್ಜುತ್ತದೆ. ಎರಡು, ಪಾವಗಡದ ಸೋಲಾರ್ ಪಾರ್ಕ್. ಸುಮಾರು 13,000 ಎಕರೆ, 2,050 ಮೆಗಾವ್ಯಾಟ್. ಪ್ಯಾನಲ್‌ಗಳ ಅಡಿಯಲ್ಲಿ ಓಡುವ ಡಿಸಿ ಕೇಬಲ್‌ಗೆ ಬಿಸಿಲು, ಧೂಳು, ಮಳೆ ಎಲ್ಲವೂ ಬಡಿಯುತ್ತವೆ. ಮೂರು, ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾದ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ. ವಿಮಾನ, ಹೆಲಿಕಾಪ್ಟರ್ ವೈರಿಂಗ್ ಎಂದರೆ ಪ್ಲಾಸ್ಟಿಕ್ಕೂ ಬೇರೆ, ಲೇಸರೂ ಬೇರೆ, ನಿಯಮವೂ ಬೇರೆ.

ಈ ಮೂರರಲ್ಲಿ ನಿಮ್ಮದು ಯಾವುದು? ಅದರ ಜೊತೆಗೆ ಹೊದಿಕೆಯ ಬಣ್ಣ, ದಪ್ಪ, ಯಾವ ಐಎಸ್ (ಭಾರತೀಯ ಮಾನದಂಡ) ನಂಬರ್ ಪ್ರಕಾರ ತಯಾರಾಗುತ್ತಿದೆ, ಇಷ್ಟನ್ನು ಒಂದು ಹಾಳೆಯಲ್ಲಿ ಬರೆಯಿರಿ. ಪಿವಿಸಿ ಕೇಬಲ್ ಎಂದರೆ ಐಎಸ್ 694, ಎಕ್ಸ್‌ಎಲ್‌ಪಿಇ (ಕ್ರಾಸ್‌ಲಿಂಕ್ ಮಾಡಿದ ಪಾಲಿಎಥಿಲೀನ್) ಎಂದರೆ ಐಎಸ್ 7098, ಹ್ಯಾಲೊಜೆನ್ (ಕ್ಲೋರಿನ್ ಥರದ ಧಾತು) ಇಲ್ಲದ್ದು ಎಂದರೆ ಐಎಸ್ 17048, ಸೋಲಾರ್ ಎಂದರೆ ಐಎಸ್ 17293. ಆ ಹಾಳೆ ಇಲ್ಲದೆ ಮುಂದಿನ ಹಂತಕ್ಕೆ ಹೋಗಬೇಡಿ.

ಹಂತ 2: ನಿಮ್ಮ ಪ್ಲಾಸ್ಟಿಕ್ ಬೆಳಕಿಗೆ ಏನು ಮಾಡುತ್ತದೆ ಎಂದು ತಿಳಿಯಿರಿ

ಲೇಸರ್ ಬಿದ್ದಾಗ ಅಕ್ಷರ ಮೂಡುವುದು ಮುಖ್ಯವಾಗಿ ನಾಲ್ಕು ರೀತಿ. ತಿಳಿ ಬಣ್ಣದ ಪ್ಲಾಸ್ಟಿಕ್ ಆ ಚುಕ್ಕೆಯಷ್ಟು ಜಾಗದಲ್ಲಿ ಕರಿಕಾಗಿ ಕಪ್ಪಾಗುವುದು ಒಂದು. ಕಪ್ಪು ಪ್ಲಾಸ್ಟಿಕ್ ಕರಗಿ, ಒಳಗೆ ಸಣ್ಣ ಗುಳ್ಳೆ ಎದ್ದು, ಆ ನೊರೆ ಬೆಳಕು ಚೆದುರಿಸಿ ಬೆಳ್ಳಗೆ ಕಾಣುವುದು ಎರಡನೆಯದು. ಒಳಗಿನ ಪಿಗ್ಮೆಂಟ್ ಮಾತ್ರ ಬಣ್ಣ ಬದಲಿಸುವುದು ಮೂರನೆಯದು. ಮೇಲಿನ ತೆಳು ಪದರ ಹಾರಿ ಕೆಳಗಿನ ಬೇರೆ ಬಣ್ಣ ಕಾಣುವುದು ನಾಲ್ಕನೆಯದು. ಇದಕ್ಕೆ ಎರಡು ಬಣ್ಣದ ಹೊದಿಕೆ ಬೇಕು, ಆದ್ದರಿಂದ ಸಾಮಾನ್ಯ ಕೇಬಲ್‌ನಲ್ಲಿ ಕಡಿಮೆ.

ಪಿವಿಸಿ ಇವುಗಳಲ್ಲಿ ಸುಲಭದ್ದು. ಬೂದು, ಬಿಳಿ, ಹಳದಿ ಪಿವಿಸಿ ಬೇಗ ಕಪ್ಪಾಗುತ್ತದೆ. ಬೆಂಕಿ ತಡೆಯುವ ಎಫ್‌ಆರ್ ಪಿವಿಸಿಯಲ್ಲಿ ಆಂಟಿಮನಿ ಟ್ರೈಆಕ್ಸೈಡ್ ಹಾಕಿರುತ್ತಾರಲ್ವಾ, ಅದೇ ಲೇಸರ್ ಅಕ್ಷರಕ್ಕೂ ನೆರವಾಗುತ್ತದೆ. ಹಾಗಾಗಿ ಎಫ್‌ಆರ್ ಕೇಬಲ್ ಮಾಡುವವರಿಗೆ ಅರ್ಧ ಕೆಲಸ ಆಗಲೇ ಆಗಿರುತ್ತದೆ. ಕಪ್ಪು ಪಿವಿಸಿಯಲ್ಲಿ ಅಕ್ಷರ ಮಾಸಲು ಬಿಳಿ ಅಥವಾ ತಿಳಿ ಕಂದು ಬರುತ್ತದೆ. ಓದಲು ಸಾಕು.

ಪಾಲಿಎಥಿಲೀನ್ (ಪಿಇ) ತದ್ವಿರುದ್ಧ. ಬಣ್ಣ ಹಾಕದ ಪಿಇಗೆ ಫೈಬರ್ ಲೇಸರ್‌ನ 1064 ನ್ಯಾನೋಮೀಟರ್ ಬೆಳಕು ಬಿದ್ದರೆ ಬಹುಪಾಲು ಸುಮ್ನೆ ಹಾದುಹೋಗುತ್ತದೆ. ಹೀರಿಕೊಳ್ಳಲು ಒಳಗೆ ಏನೂ ಇಲ್ಲ. ಇಂಕಿಗೂ ಪಿಇ ಒಲಿಯದು, ಏಕೆಂದರೆ ಅದರ ಮೇಲ್ಮೈಗೆ ಯಾವ ದ್ರವವೂ ಸರಿಯಾಗಿ ಹರಡಿ ಹಿಡಿಯುವುದಿಲ್ಲ. ಕೊರೋನಾ (ಹೈ ವೋಲ್ಟೇಜ್ ವಿದ್ಯುತ್ ಹಾಯಿಸುವುದು) ಅಥವಾ ಜ್ವಾಲೆ ಹಿಡಿದು ಮೇಲ್ಮೈ ಹದ ಮಾಡಬೇಕಾಗುತ್ತದೆ. ಆದ್ದರಿಂದಲೇ ಪಿಇ ಹೊದಿಕೆಗೆ ಲೇಸರ್ ಮಾಸ್ಟರ್‌ಬ್ಯಾಚ್ (ಬೆಳಕು ಹೀರುವ ಪುಡಿ ಬೆರೆಸಿದ ಪ್ಲಾಸ್ಟಿಕ್ ಕಾಳು) ಹಾಕುವುದು ಲಾಭದ ಕೆಲಸ.

ಕಪ್ಪು ಪಿಇಯಲ್ಲಿ ಇನ್ನೊಂದು ಗಂಟು ಇದೆ. ಬಿಸಿಲು ತಡೆಯಲು ಅದರಲ್ಲಿ ಸುಮಾರು 2.5 ಶೇಕಡಾ ಕಾರ್ಬನ್ ಬ್ಲ್ಯಾಕ್ ಇರಲೇಬೇಕು. ಅಷ್ಟು ಕಾರ್ಬನ್ ಬೆಳಕನ್ನೆಲ್ಲ ಮೇಲೇ ಹೀರಿ, ನೊರೆ ಏಳುವ ಬದಲು ಸುಟ್ಟು ಗೆರೆ ಕೊರೆಯುತ್ತದೆ. ಕೈಗೆ ತಾಗುತ್ತದೆ, ಕಣ್ಣಿಗೆ ಕಾಣದು. ಹಾಗಂತ ಅಕ್ಷರಕ್ಕಾಗಿ ಕಾರ್ಬನ್ ಕಡಿಮೆ ಮಾಡುವುದು ತಪ್ಪು. ಪಾವಗಡದ ಬಿಸಿಲಿನಲ್ಲಿ ಆ ಹೊದಿಕೆ ಬಿರುಕು ಬಿಟ್ಟರೆ ಸುಂದರವಾದ ಅಕ್ಷರ ಇಟ್ಟುಕೊಂಡು ಏನು ಮಾಡುವುದು? ಕಪ್ಪಿನ ಮೇಲೆ ತಿಳಿ ಅಕ್ಷರ ಬರಿಸಲೆಂದೇ ಮಾಡಿದ ಮಾಸ್ಟರ್‌ಬ್ಯಾಚ್ ಕೇಳಿ ಪಡೆಯಿರಿ.

ಹ್ಯಾಲೊಜೆನ್ ಇಲ್ಲದೆ ಬೆಂಕಿ ತಡೆಯುವ ಎಚ್‌ಎಫ್‌ಎಫ್‌ಆರ್ ಕಾಂಪೌಂಡ್ (ಬೆರೆಸಿ ತಯಾರಿಸಿದ ಪ್ಲಾಸ್ಟಿಕ್) ನನಗೆ ಇಷ್ಟದ್ದು. ಅದರ ತೂಕದಲ್ಲಿ ಅರ್ಧಕ್ಕಿಂತ ಜಾಸ್ತಿ ಬಿಳಿ ಖನಿಜದ ಪುಡಿಯೇ ಇರುತ್ತದೆ, ಅಲ್ಯೂಮಿನಿಯಂ ಹೈಡ್ರಾಕ್ಸೈಡ್ ಅಥವಾ ಮೆಗ್ನೀಸಿಯಂ ಹೈಡ್ರಾಕ್ಸೈಡ್. ಅಲ್ಯೂಮಿನಿಯಂನದು ಸುಮಾರು 200 ಡಿಗ್ರಿಗೇ ನೀರಿನ ಆವಿ ಬಿಡಲು ಶುರುಮಾಡುತ್ತದೆ, ಮೆಗ್ನೀಸಿಯಂನದು 300 ಡಿಗ್ರಿ ದಾಟಬೇಕು. ಕಪ್ಪು ಎಚ್‌ಎಫ್‌ಎಫ್‌ಆರ್ ಮೇಲೆ ಲೇಸರ್ ಬಿದ್ದಾಗ ಮೇಲಿನ ಕಪ್ಪು ಸುಟ್ಟು ಹೋಗಿ ಈ ಬಿಳಿ ಪುಡಿ ಉಳಿಯುತ್ತದೆ. ನಮ್ಮ ಲೈನಿನಲ್ಲಿ ಅತ್ಯಂತ ಸ್ಪಷ್ಟವಾದ ತಿಳಿ ಅಕ್ಷರ ಬಂದದ್ದು ಇದರ ಮೇಲೆಯೇ. ಆದರೆ ಈ ಪುಡಿ ತೇವ ಎಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ ಚೀಲ ಒಡೆದಿಟ್ಟು ಮರುದಿನ ಓಡಿಸಿದರೆ ಹೊದಿಕೆಯಲ್ಲೇ ಗುಳ್ಳೆ ಏಳುತ್ತದೆ. ಡ್ರೈಯರ್‌ನಲ್ಲಿ ಒಣಗಿಸಿಯೇ ಹಾಕಿ.

ಇಟಿಎಫ್‌ಇ, ಪಿಟಿಎಫ್‌ಇ ಥರದ ಫ್ಲೋರೋಪಾಲಿಮರ್‌ಗಳು ವಿಮಾನದ ವೈರಿಗೆ. ಅಲ್ಲಿ ಕೆಲಸ ಮಾಡುವುದು ಬಿಳಿ ಪಿಗ್ಮೆಂಟ್ ಟೈಟಾನಿಯಂ ಡೈಆಕ್ಸೈಡ್. ಅಲ್ಟ್ರಾವಯೊಲೆಟ್ ಲೇಸರ್ ಬಿದ್ದರೆ ಅದು ತಾನೇ ಗಾಢ ಬೂದಿಗೆ ತಿರುಗುತ್ತದೆ. ಪ್ಲಾಸ್ಟಿಕ್ ಸುಡಬೇಕಿಲ್ಲ.

ಹಂತ 3: ಲೇಸರ್ ಆಯ್ಕೆ

ಪ್ಲಾಸ್ಟಿಕ್ ಗೊತ್ತಾದರೆ ಇದು ಬೇಗ ಮುಗಿಯುತ್ತದೆ. ಸಾಮಾನ್ಯ ಪಿವಿಸಿ, ಪಿಇ, ಎಚ್‌ಎಫ್‌ಎಫ್‌ಆರ್ ಕೇಬಲ್‌ಗೆ 1064 ನ್ಯಾನೋಮೀಟರ್ ಫೈಬರ್ ಲೇಸರ್. ವಿಮಾನದ ವೈರಿಗೆ 355 ನ್ಯಾನೋಮೀಟರ್ ಅಲ್ಟ್ರಾವಯೊಲೆಟ್. 10.6 ಮೈಕ್ರೋಮೀಟರ್‌ನ ಸಿಓ2 ಲೇಸರ್ ಹೆಚ್ಚಿನ ಎಲ್ಲ ಪ್ಲಾಸ್ಟಿಕ್ಕನ್ನೂ ಕೊರೆಯುತ್ತದೆ, ಆದರೆ ಬಣ್ಣದ ವ್ಯತ್ಯಾಸ ಕಡಿಮೆ. ಕೇಬಲ್‌ಗೆ ಅದನ್ನು ನಾನು ಆರಿಸುವುದಿಲ್ಲ.

ವಿಮಾನದವರು ಬಿಸಿ ಅಚ್ಚು ಬಿಟ್ಟು ಅಲ್ಟ್ರಾವಯೊಲೆಟ್‌ಗೆ ಬಂದದ್ದಕ್ಕೆ ಕಾರಣ ಇದೆ. ಬಿಸಿ ಅಚ್ಚು ಒತ್ತಿದಾಗ ತೆಳು ಇನ್ಸುಲೇಶನ್ ಒಳಗೆ ಏಟು ಬಿದ್ದು ಮುಂದೆ ಶಾರ್ಟ್ ಆಗುವ ಅಪಾಯ ಇತ್ತು. ಆ ಕೆಲಸಕ್ಕೆ ಎಸ್‌ಎಇ ಎಎಸ್5649 ಎಂಬ ಬೇರೆ ಮಾನದಂಡವೇ ಇದೆ. ಯೂರೋಪಿನದು ಇಎನ್ 3475ರ 706ನೇ ಭಾಗ. ಈ ದಾರಿಗೆ ಇಳಿಯುವವರು ಅವೆರಡನ್ನೂ ಪೂರ್ತಿ ಓದಿಕೊಂಡೇ ಇಳಿಯಬೇಕು.

ಹಂತ 4: ಮಾಸ್ಟರ್‌ಬ್ಯಾಚ್ ಬೆರೆಸುವುದು

ಇಲ್ಲಿ ನಿಧಾನಿಸಿ. ಕೆಟ್ಟರೆ ಇಲ್ಲೇ ಕೆಡುವುದು.

ಫೈಬರ್ ಲೇಸರ್‌ಗೆ ಹಾಕುವ ಪುಡಿಗಳಲ್ಲಿ ಹೆಚ್ಚು ಬಳಕೆಯವು ಆಂಟಿಮನಿ ಸೇರಿಸಿದ ಟಿನ್ ಆಕ್ಸೈಡ್, ಆಂಟಿಮನಿ ಟ್ರೈಆಕ್ಸೈಡ್, ಲೋಹದ ಆಕ್ಸೈಡ್ ಲೇಪಿಸಿದ ಮೈಕಾ, ತಾಮ್ರದ ಹೈಡ್ರಾಕ್ಸಿಫಾಸ್ಫೇಟ್. ಎಲ್ಲದರ ಕೆಲಸವೂ ಒಂದೇ: ಬೆಳಕು ಹೀರಿ, ತಾನು ಬಿಸಿಯಾಗಿ, ಸುತ್ತಲಿನ ಪ್ಲಾಸ್ಟಿಕ್ಕನ್ನು ಕರಿಕು ಮಾಡುವುದು. ಪುಡಿಯನ್ನು ನೇರವಾಗಿ ಹಾಪರ್‌ಗೆ ಸುರಿಯಬೇಡಿ. ಗ್ರಾನ್ಯೂಲ್ ರೂಪದ ಮಾಸ್ಟರ್‌ಬ್ಯಾಚ್ ತನ್ನಿ. 100 ಕೆಜಿ ಕಾಂಪೌಂಡ್‌ಗೆ ಸಾಮಾನ್ಯವಾಗಿ 2ರಿಂದ 4 ಕೆಜಿ ಸಾಕಾಗುತ್ತದೆ. ತಯಾರಕರ ಡೇಟಾ ಶೀಟಿನಲ್ಲಿ ಇರುವ ಅಳತೆಯಿಂದ ಶುರುಮಾಡಿ.

ಮಾಸ್ಟರ್‌ಬ್ಯಾಚ್ ಕೊಳ್ಳುವಾಗ ಮೊದಲು ಕೇಳಬೇಕಾದ್ದು, ಅದರ ಕ್ಯಾರಿಯರ್, ಅಂದರೆ ಪುಡಿಯನ್ನು ಹಿಡಿದಿಟ್ಟಿರುವ ಪ್ಲಾಸ್ಟಿಕ್, ಏನು? ಪಿಇಗೆ ಪಿಇ ಕ್ಯಾರಿಯರ್, ಎಚ್‌ಎಫ್‌ಎಫ್‌ಆರ್‌ಗೆ ಇವಿಎ (ಎಥಿಲೀನ್ ವಿನೈಲ್ ಅಸಿಟೇಟ್) ಕ್ಯಾರಿಯರ್ ಹೊಂದುತ್ತದೆ. ಪಿಇ ಕ್ಯಾರಿಯರ್‌ನದ್ದನ್ನು ಪಿವಿಸಿಗೆ ಹಾಕಿದರೆ ಎರಡೂ ಬೆರೆಯದೆ ಹೊದಿಕೆಯಲ್ಲಿ ಪದರ ಪದರವಾಗಿ ನಿಲ್ಲುತ್ತದೆ.

ನಮ್ಮಲ್ಲಿ ಆದದ್ದು ಬೇರೆ ತಪ್ಪು. ಮೊದಲ ಬಾರಿ ಬೂದು ಪಿಇ ಹೊದಿಕೆ ಓಡಿಸಿದಾಗ ಮಾಸ್ಟರ್‌ಬ್ಯಾಚನ್ನು ಡ್ರಮ್‌ನಲ್ಲಿ ಕೈಯಲ್ಲೇ ಕಲಸಿ ಹಾಪರ್‌ಗೆ ಸುರಿದೆವು. ಮೊದಲ 40 ಮೀಟರ್ ಅಕ್ಷರ ಕಡುಗಪ್ಪು. ಎಲ್ಲರಿಗೂ ಖುಷಿ. ಆಮೇಲೆ ಕಂದು. ಆಮೇಲೆ ಅಲ್ಲಲ್ಲಿ ಕಾಣೆ. ಮತ್ತೆ ಕಪ್ಪು. ಲೇಸರ್ ಪವರ್ ಏರಿಳಿಯುತ್ತಿದೆ ಎಂದು ಎರಡು ದಿನ ಮೆಷಿನ್ನನ್ನೇ ಅನುಮಾನಿಸಿದೆವು. ಕೊನೆಗೆ ಹಾಪರ್ ಕಿಟಕಿಯಲ್ಲಿ ಇಣುಕಿದಾಗ ಗೊತ್ತಾಯಿತು: ಮಾಸ್ಟರ್‌ಬ್ಯಾಚ್ ಕಾಳು ಚಿಕ್ಕದು ಮತ್ತು ಭಾರ, ಅಲುಗಾಟಕ್ಕೆ ಕೆಳಗಿಳಿದು ಮೊದಲೇ ಖಾಲಿಯಾಗುತ್ತಿತ್ತು. ಅಂದಿನಿಂದ ಎಕ್ಸ್‌ಟ್ರೂಡರ್ ಬಾಯಿಗೇ ಡೋಸರ್ (ಅಳತೆಯಷ್ಟೇ ಕಾಳು ಬಿಡುವ ಯಂತ್ರ) ಕೂರಿಸಿ, ಅಲ್ಲೇ ಕಾಳು ಬೀಳುವಂತೆ ಮಾಡಿದ್ದೇವೆ. ಡೋಸರ್ ಕೆಳಗೆ ಒಂದು ಬಟ್ಟಲು ಹಿಡಿದು ಒಂದು ನಿಮಿಷದಲ್ಲಿ ಎಷ್ಟು ಗ್ರಾಂ ಬಿತ್ತು ಎಂದು ತೂಗುವುದು ಪ್ರತಿ ಶಿಫ್ಟಿನ ಮೊದಲ ಕೆಲಸ.

ಇನ್ನೊಂದು ಎಚ್ಚರಿಕೆ. ಟಿನ್ ಆಕ್ಸೈಡ್ ಥರದ ಪುಡಿ ಸ್ವಲ್ಪ ಕರೆಂಟ್ ಹರಿಸುವ ಗುಣದ್ದು. ಹೊರ ಹೊದಿಕೆಗೆ ಮಾತ್ರ ಹಾಕುವುದು ಸುರಕ್ಷಿತ. ಕೋರ್ ಇನ್ಸುಲೇಶನ್‌ಗೆ ಹಾಕಲೇಬೇಕೆಂದರೆ ವಾಲ್ಯೂಮ್ ರೆಸಿಸ್ಟಿವಿಟಿ (ಪ್ಲಾಸ್ಟಿಕ್ ಕರೆಂಟ್ ತಡೆಯುವ ಗುಣ) ಅಳೆಯದೆ ಒಂದು ಮೀಟರ್ ಕೂಡ ಹೊರಗೆ ಬಿಡಬೇಡಿ.

ಹಂತ 5: ಮೊದಲು ಬಿಲ್ಲೆ, ಆಮೇಲೆ ಕೇಬಲ್

ಬೆರೆಸಿದ ಕಾಂಪೌಂಡ್‌ನಿಂದ 2 ಮಿ.ಮೀ. ದಪ್ಪದ ಅಂಗೈ ಅಗಲದ ಬಿಲ್ಲೆ ಒತ್ತಿಸಿ. ಮಾಸ್ಟರ್‌ಬ್ಯಾಚ್ 1, 2, 3, 4 ಶೇಕಡಾ ಹಾಕಿದ ನಾಲ್ಕು ಬಿಲ್ಲೆ, ಏನೂ ಹಾಕದ್ದು ಒಂದು. ಒತ್ತುವ ಪ್ರೆಸ್ ಇಲ್ಲದವರು ಮೈಸೂರಿನ ಸಿಪೆಟ್‌ನಲ್ಲಿ (ಕೇಂದ್ರ ಸರ್ಕಾರದ ಪ್ಲಾಸ್ಟಿಕ್ ಸಂಸ್ಥೆ) ಕೇಳಬಹುದು, ಪ್ಲಾಸ್ಟಿಕ್ ಪರೀಕ್ಷೆ ಅವರ ನಿತ್ಯದ ಕೆಲಸ. ಲೇಸರ್ ಇನ್ನೂ ಕೊಳ್ಳದವರು ಬಿಲ್ಲೆಗಳನ್ನು ಹಿಡಿದು ಪೀಣ್ಯಕ್ಕೆ ಹೋಗಿ, ಜಾಬ್‌ವರ್ಕ್ ಮಾಡುವವರಲ್ಲಿ ಗಂಟೆ ಲೆಕ್ಕದಲ್ಲಿ ಪರೀಕ್ಷೆ ಮಾಡಿಸಿ. ಮೆಷಿನ್ ಕೊಳ್ಳುವ ಮುಂಚೆ ಇದನ್ನು ಮಾಡಿದ್ದರೆ ನಮ್ಮ ಒಂದು ವರ್ಷ ಉಳಿಯುತ್ತಿತ್ತು.

ಪ್ರತಿ ಬಿಲ್ಲೆಯ ಮೇಲೆ ಚೌಕದ ಮನೆ ಬರೆಸಿ. ಅಡ್ಡಕ್ಕೆ ವೇಗ ಏರುತ್ತಾ ಹೋಗಲಿ, ಉದ್ದಕ್ಕೆ ಪವರ್. ಹತ್ತಾರು ಚೌಕ ಒಟ್ಟಿಗೆ ಕಾಣುತ್ತವೆ. ಎಲ್ಲಕ್ಕಿಂತ ಕಪ್ಪಾದ ಚೌಕವನ್ನು ಆರಿಸಬೇಡಿ! ಅದನ್ನು ಬೆರಳಿನಲ್ಲಿ ಉಜ್ಜಿ ನೋಡಿ, ಮಸಿ ಹತ್ತುತ್ತದೆ. ಅದು ಸುಟ್ಟ ಬೂದಿ, ನಾಳೆ ಉದುರುತ್ತದೆ. ಅದಕ್ಕಿಂತ ಒಂದೆರಡು ಮನೆ ಹಿಂದೆ, ಕಪ್ಪಾಗಿಯೂ ಇದ್ದು ಬೆರಳಿಗೆ ಹತ್ತದ ಚೌಕ ಇರುತ್ತದೆ. ಅದು ನಿಮ್ಮದು.

ಈಗ ಆ ಚೌಕವನ್ನು ಬ್ಲೇಡಿನಿಂದ ಅಡ್ಡ ಕೊಯ್ದು 10 ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯಲ್ಲಿ (ಲೂಪ್) ನೋಡಿ. ಒಳ್ಳೆಯ ಗುರುತಾದರೆ ಮೇಲಂಚಿನಲ್ಲಿ ಕೂದಲೆಳೆಯಂಥ ಕಪ್ಪು ಪಟ್ಟಿ ಕಾಣುತ್ತದೆ, ಕೆಳಗೆ ಪ್ಲಾಸ್ಟಿಕ್ ಮೊದಲಿನಂತೆಯೇ ಇರುತ್ತದೆ. ವಿ ಆಕಾರದ ಗುಂಡಿ ಕಂಡರೆ ಪವರ್ ಜಾಸ್ತಿ. ಹೊದಿಕೆಗೆ ಅದು ಬ್ಲೇಡ್ ಗೀರಿದಂತೆ, ಬಗ್ಗಿಸಿದಾಗ ಅಲ್ಲಿಂದಲೇ ಸೀಳು ಶುರು.

ಕೆಂಪು, ನೀಲಿ, ಹಸಿರು ಹೊದಿಕೆ ಇದ್ದರೆ ಬಣ್ಣಬಣ್ಣಕ್ಕೂ ಬೇರೆ ಬಿಲ್ಲೆ. ಒಂದರ ಸೆಟ್ಟಿಂಗ್ ಇನ್ನೊಂದಕ್ಕೆ ನಡೆಯದು.

ಹಂತ 6: ಲೈನಿಗೆ ಕೂರಿಸುವುದು

ಲೇಸರ್ ಹೆಡ್ಡಿನ ಜಾಗ ನೀರಿನ ತೊಟ್ಟಿ ದಾಟಿದ ಮೇಲೆ, ಏರ್ ವೈಪ್ (ಗಾಳಿ ಊದಿ ನೀರು ಒರೆಸುವುದು) ಆದ ಮೇಲೆ. ಹೊದಿಕೆ ಮೇಲೆ ಒಂದು ಹನಿ ನೀರು ನಿಂತಿದ್ದರೂ ಅಲ್ಲಿ ಅರ್ಧ ಅಕ್ಷರ ಹೋಗುತ್ತದೆ. ಹೆಡ್ಡಿನ ಎರಡೂ ಪಕ್ಕ ಗೈಡ್ ರೋಲರ್ ಇರಲಿ. ಕೇಬಲ್ ಮೇಲೆ ಕೆಳಗೆ ಕುಣಿದರೆ ಫೋಕಸ್ ತಪ್ಪುತ್ತದೆ. ಸ್ಪಾರ್ಕ್ ಟೆಸ್ಟರ್ (ಹೈ ವೋಲ್ಟೇಜ್ ಕೊಟ್ಟು ಹೊದಿಕೆಯ ತೂತು ಹುಡುಕುವ ಯಂತ್ರ) ಲೇಸರ್‌ನ ನಂತರವೇ ಬರಬೇಕು. ಲೇಸರ್ ಎಲ್ಲಾದರೂ ತೂತು ಮಾಡಿದ್ದರೆ ಅದು ಅಲ್ಲೇ ಸಿಕ್ಕಿಬೀಳಲಿ.

ಇನ್ನು ವೇಗದ ಲೆಕ್ಕ. ಇಲ್ಲಿ ಬಹಳ ಜನ ಎಡವುತ್ತಾರೆ, ಆದ್ದರಿಂದ ಪೂರ್ತಿ ಬಿಡಿಸಿ ಹೇಳುತ್ತೇನೆ. ಲೈನ್ ನಿಮಿಷಕ್ಕೆ 60 ಮೀಟರ್ ಓಡುತ್ತಿದೆ ಎಂದುಕೊಳ್ಳಿ, ಅಂದರೆ ಸೆಕೆಂಡಿಗೆ 1 ಮೀಟರ್. ಬರಹದ ಉದ್ದ 120 ಮಿ.ಮೀ., ಪ್ರತಿ 500 ಮಿ.ಮೀ.ಗೆ ಒಂದು ಬರಹ. ಹಾಗಾದರೆ ಒಂದು ಬರಹಕ್ಕೆ ಅರ್ಧ ಸೆಕೆಂಡ್ ಸಿಗುತ್ತದೆ ಎಂದು ಅನಿಸುತ್ತದೆ ಅಲ್ವಾ? ಸಿಗುವುದಿಲ್ಲ. ಲೆನ್ಸಿನ ಕೆಳಗೆ ಕಿರಣ ತಲುಪುವ ಜಾಗ ಸುಮಾರು 110 ಮಿ.ಮೀ. ಮಾತ್ರ. ಮೊದಲ ಅಕ್ಷರ ಆ ಜಾಗಕ್ಕೆ ಬರುವುದರಿಂದ ಕೊನೆಯ ಅಕ್ಷರ ದಾಟುವವರೆಗೆ 230 ಮಿ.ಮೀ. ಓಟ. ಅಂದರೆ 0.23 ಸೆಕೆಂಡ್. ಅಷ್ಟರಲ್ಲಿ ಮುಗಿಯಬೇಕು.

45 ಅಕ್ಷರ, ಒಂದೊಂದಕ್ಕೂ ಸುಮಾರು 8 ಮಿ.ಮೀ. ಗೆರೆ ಎಂದರೆ 360 ಮಿ.ಮೀ. ಸೆಕೆಂಡಿಗೆ 2,000 ಮಿ.ಮೀ. ವೇಗದಲ್ಲಿ ಬರೆದರೆ 0.18 ಸೆಕೆಂಡ್. ಅಕ್ಷರದಿಂದ ಅಕ್ಷರಕ್ಕೆ ಹಾರಲು 0.05 ಸೇರಿಸಿ. ಒಟ್ಟು 0.23. ಅಂಚಿನಲ್ಲಿ ನಿಂತಿದ್ದೀರಿ. 3,000ಕ್ಕೆ ಏರಿಸಿದರೆ 0.17, ಉಸಿರಾಡಬಹುದು. ಆದರೆ ಚುಕ್ಕೆಗಳ ನಡುವೆ 0.05 ಮಿ.ಮೀ. ಅಂತರ ಉಳಿಯಬೇಕೆಂದರೆ ಪಲ್ಸ್ (ಲೇಸರ್ ಮಿನುಗುವ ಬಡಿತ) ಸೆಕೆಂಡಿಗೆ 40 ಸಾವಿರದಿಂದ 60 ಸಾವಿರಕ್ಕೆ, ಅಂದರೆ 40 ಕಿಲೋಹರ್ಟ್ಸ್‌ನಿಂದ 60ಕ್ಕೆ ಹೋಗಬೇಕು. 20 ವ್ಯಾಟ್ ಮೆಷಿನ್ 40ರಲ್ಲಿ ಒಂದೊಂದು ಪಲ್ಸಿಗೆ 0.5 ಮಿಲಿಜೌಲ್ ಕೊಡುತ್ತದೆ, 60ರಲ್ಲಿ 0.33 ಮಾತ್ರ. ಅದೇ ಕಪ್ಪು ಬೇಕೆಂದರೆ 30 ವ್ಯಾಟ್ ಮೆಷಿನ್ ಬೇಕು. ಮೆಷಿನ್ ಮಾರುವವರ ಮುಂದೆ ಈ ಲೆಕ್ಕ ಇಡಿ, ನಿಮ್ಮದೇ ಕೇಬಲ್, ನಿಮ್ಮದೇ ವೇಗದಲ್ಲಿ ತೋರಿಸಿ ಎನ್ನಿ.

ಫಾಂಟ್ ಒಂದೇ ಗೆರೆಯದಾಗಿರಲಿ. ದಪ್ಪ ಅಕ್ಷರದ ಆಸೆ ಬಿಡಿ. ಸಂಸ್ಥೆಯ ಚಿಹ್ನೆಯೂ ಗೆರೆಯಲ್ಲೇ ಬರಲಿ. ಉಳಿದ ಸಮಯವನ್ನು ಮೀಟರ್ ಅಂಕಿಗೆ ಕೊಡಿ. ಉದ್ದ ಅಳೆಯುವ ಎನ್‌ಕೋಡರ್ ಚಕ್ರ ಕೇಬಲ್ ಮೇಲೆ ಜಾರದಂತೆ ಒತ್ತಿ ಕೂತಿದ್ದರೆ ಆ ಅಂಕಿಯನ್ನು ನಂಬಬಹುದು. ಬೋರ್‌ಗೆ ಇಳಿಸುವವರು ಅಡಿ ಅಡಿಯಾಗಿ ಮೊಳ ಹಾಕುವ ಬದಲು ಅದನ್ನೇ ಓದುತ್ತಾರೆ.

ಹಂತ 7: ಹೊಗೆ ಮತ್ತು ಕಣ್ಣು

ಶುದ್ಧ ಪಿವಿಸಿಯ ತೂಕದಲ್ಲಿ ಸುಮಾರು 57 ಶೇಕಡಾ ಕ್ಲೋರಿನ್. ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಗ್ಯಾಸ್ ಬರುತ್ತದೆ. ತೇವ ಸೇರಿದರೆ ಅದು ಆಸಿಡ್. ಗಂಟಲು ಉರಿಯುತ್ತದೆ, ಲೆನ್ಸ್ ಮಂಜಾಗುತ್ತದೆ, ಪಕ್ಕದ ಪ್ಯಾನಲ್‌ನ ತಾಮ್ರ ಹಸಿರಾಗುತ್ತದೆ. ಫ್ಲೋರೋಪಾಲಿಮರ್‌ನ ಹೊಗೆ ಇನ್ನೂ ಕೆಟ್ಟದ್ದು. ಹೊಗೆ ಎಳೆಯುವ ಬಾಯಿ ಗುರುತು ಬೀಳುವ ಜಾಗಕ್ಕೆ ಒಂದು ಗೇಣಿಗಿಂತ ದೂರ ಇರಬಾರದು. ಧೂಳಿನ ಫಿಲ್ಟರ್ ಜೊತೆಗೆ ಆಕ್ಟಿವೇಟೆಡ್ ಕಾರ್ಬನ್ ಫಿಲ್ಟರ್ ಇರಲೇಬೇಕು. ಕಿಟಕಿ ತೆರೆದಿಟ್ಟರೆ ಸಾಕು ಎನ್ನುವ ಮಾತನ್ನು ಒಪ್ಪಬೇಡಿ.

1064 ನ್ಯಾನೋಮೀಟರ್ ಬೆಳಕು ಕಣ್ಣಿಗೆ ಕಾಣದು. ಆದರೆ ನೇರ ರೆಟಿನಾ ತಲುಪಿ ಸುಡುತ್ತದೆ. ಇಂಥ ಮೆಷಿನ್‌ಗಳು ಕ್ಲಾಸ್ 4, ಅಂದರೆ ಅತಿ ಅಪಾಯದ ವರ್ಗದವು. ಕೇಬಲ್ ಒಳಹೋಗುವ, ಹೊರಬರುವ ರಂಧ್ರ ಬಿಟ್ಟು ಎಲ್ಲ ಕಡೆ ಪೆಟ್ಟಿಗೆ ಮುಚ್ಚಿರಲಿ, ಬಾಗಿಲು ತೆರೆದರೆ ಲೇಸರ್ ತಾನಾಗಿ ನಿಲ್ಲುವ ಇಂಟರ್‌ಲಾಕ್ ಇರಲಿ. ಕನ್ನಡಕ ಅದೇ ತರಂಗಾಂತರಕ್ಕೆ ಎಂದು ಬರೆದಿರುವುದೇ ಆಗಬೇಕು. ವೆಲ್ಡಿಂಗ್ ಕನ್ನಡಕ ಹಾಕಿಕೊಂಡು ಇಣುಕುವ ಹುಡುಗರನ್ನು ಕಂಡಿದ್ದೇನೆ. ಇಂಟರ್‌ಲಾಕ್‌ಗೆ ತಂತಿ ಸುತ್ತಿ ಬಾಗಿಲು ತೆರೆದು ಓಡಿಸುವುದನ್ನೂ ಕಂಡಿದ್ದೇನೆ. ಸಂಜೆ ಮನೆಗೆ ಹೋಗುವ ಕಣ್ಣುಗಳು ಅವು. ಈ ವಿಷಯದಲ್ಲಿ ನಾನು ಯಾರ ಜೊತೆಗೂ ಒಪ್ಪಂದ ಮಾಡಿಕೊಳ್ಳುವುದಿಲ್ಲ.

ಹಂತ 8: ಪರೀಕ್ಷೆ

ಮೊದಲನೆಯದು ಉಜ್ಜುವುದು. ಅಂತರರಾಷ್ಟ್ರೀಯ ಮಾನದಂಡ ಐಇಸಿ 60227 ಹೇಳುವ ಪ್ರಕಾರ ನೀರಿನಲ್ಲಿ ಅದ್ದಿದ ಹತ್ತಿ ಅಥವಾ ಬಟ್ಟೆಯಿಂದ ಹಗುರವಾಗಿ 10 ಸಲ ಉಜ್ಜಿದರೆ ಅಕ್ಷರ ಉಳಿಯಬೇಕು. ಲೇಸರ್ ಅಕ್ಷರಕ್ಕೆ ಇದು ಏನೇನೂ ಅಲ್ಲ. ನಾವು ಒದ್ದೆ ಮರಳಿನಲ್ಲಿ 100 ಸಲ ಎಳೆಯುತ್ತೇವೆ. ಬೋರ್‌ನ ಒಳಗೆ ಆಗುವುದು ಅದೇ ತಾನೇ?

ಎರಡನೆಯದು ಎಳೆತ. ಹೊದಿಕೆಯಿಂದ ಡಂಬೆಲ್ ಆಕಾರದ ತುಂಡು ಕತ್ತರಿಸಿ, ಅಕ್ಷರ ಸರಿಯಾಗಿ ನಡುವೆ ಬರುವಂತೆ. ಅಕ್ಷರ ಇಲ್ಲದ ತುಂಡೂ ಅಷ್ಟೇ ಇರಲಿ. ಐಎಸ್ 5831ರ ಎಸ್‌ಟಿ1 ಪಿವಿಸಿ ಹೊದಿಕೆಗೆ ಕನಿಷ್ಠ 12.5 ನ್ಯೂಟನ್ ಪ್ರತಿ ಚದರ ಮಿ.ಮೀ. ಬಲ, 150 ಶೇಕಡಾ ಹಿಗ್ಗುವಿಕೆ ಬೇಕು. ಸಂಖ್ಯೆ ಪಾಸಾದರೆ ಸಾಲದು, ತುಂಡು ಎಲ್ಲಿ ಹರಿಯಿತು ಎಂದು ನೋಡಿ. ಐದಕ್ಕೆ ನಾಲ್ಕು ಅಕ್ಷರದ ಗೆರೆಯಲ್ಲೇ ಹರಿದರೆ ಪವರ್ ಇಳಿಸಿ.

ಮೂರನೆಯದು ಕ್ರಾಸ್‌ಲಿಂಕ್ ಆಗುವ, ಅಂದರೆ ಒಳಗಿನ ಅಣುಸರಪಳಿಗಳು ಒಂದಕ್ಕೊಂದು ಬೆಸೆಯುವ, ಹೊದಿಕೆಗೆ ಮಾತ್ರ. ಮಾಸ್ಟರ್‌ಬ್ಯಾಚ್ ಸೇರಿದ ಮೇಲೂ ಹಾಟ್ ಸೆಟ್ (ಬಿಸಿಯಲ್ಲಿ ಭಾರ ತೂಗುಹಾಕಿ ಹಿಗ್ಗುವಿಕೆ ಅಳೆಯುವ ಪರೀಕ್ಷೆ) ಪಾಸಾಗುತ್ತದೆಯೇ ಎಂದು ಹೊಸದಾಗಿ ಮಾಡಿ. ಹಳೆಯ ರಿಪೋರ್ಟ್ ನಡೆಯದು. ಟೈಪ್ ಟೆಸ್ಟ್ ಸರ್ಟಿಫಿಕೇಟ್ ಬೇಕಾದವರಿಗೆ ಬೆಂಗಳೂರಿನ ಸಿಪಿಆರ್‌ಐ (ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆ) ಇದೆ. ಅಲ್ಲಿಗೆ ಕಳಿಸುವ ಕೇಬಲ್‌ನಲ್ಲಿ ಲೇಸರ್ ಗುರುತು ಆಗಲೇ ಇರಲಿ, ಹೊಸ ಕಾಂಪೌಂಡ್‌ನದೇ ಇರಲಿ.

ಕೊನೆಯದಕ್ಕೆ ಯಾವ ಲ್ಯಾಬೂ ಬೇಡ. ನಮ್ಮ ಶೆಡ್ಡಿನ ತಗಡಿನ ಚಾವಣಿ ಮೇಲೆ ಪ್ರತಿ ಬ್ಯಾಚಿನ ಒಂದೊಂದು ಮೀಟರ್ ಕೇಬಲ್ ಕಟ್ಟಿಟ್ಟಿದ್ದೇವೆ. ಇನ್ನೊಂದು ಮೀಟರ್ ಬೋರ್ ನೀರು ತುಂಬಿದ ಡ್ರಮ್ಮಿನಲ್ಲಿ ಮುಳುಗಿದೆ. ಕಟ್ಟಿದ ದಿನಾಂಕ, ಮಾಸ್ಟರ್‌ಬ್ಯಾಚ್ ಶೇಕಡಾ, ಪವರ್, ವೇಗ ಎಲ್ಲವನ್ನೂ ಲೇಸರ್‌ನಲ್ಲಿ ಆ ತುಂಡಿನ ಮೇಲೇ ಬರೆದಿದ್ದೇವೆ. ಪ್ರತಿ ತಿಂಗಳ ಮೊದಲ ಸೋಮವಾರ ಏಣಿ ಹತ್ತಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಮೊಬೈಲ್‌ನಲ್ಲಿ ಫೋಟೊ ತೆಗೆದು ಇಡುತ್ತೇವೆ. ಮಧುಗಿರಿಯ ಆ ರೈತರು ಬಿಟ್ಟುಹೋದ ಅರ್ಧ ಮೀಟರ್ ತುಂಡು ಆ ಸಾಲಿನ ಮೊದಲನೆಯದು. ಅದರ ಮೇಲೆ ಏನೂ ಬರೆದಿಲ್ಲ.